ಎರಡನೇ ಸ್ಥಾನದ ನಂತರ: ಒಬ್ಬ ಗಾಯಕಿಯ ಕರಾರು, ಕಂಠ ಮತ್ತು ಕೈತಪ್ಪಿದ ವರ್ಷಗಳು

ಕನ್ನಡ ಕಿರುತೆರೆಯ ಗಾಯನ ಸ್ಪರ್ಧೆಯೊಂದರಲ್ಲಿ ಎರಡನೇ ಸ್ಥಾನ ಪಡೆದವಳು ಮುಂದಿನ ಮೂರು ವರ್ಷಗಳಲ್ಲಿ ದುಡಿಮೆ, ದನಿ, ಅವಕಾಶ ಮೂರನ್ನೂ ಹೆಚ್ಚುಕಮ್ಮಿ ಕಳೆದುಕೊಂಡು, ಆಮೇಲೆ ಅದರಲ್ಲಿ ಒಂದಷ್ಟನ್ನು ಮರಳಿ ಪಡೆದ ಪ್ರಕರಣ ಇದು. ಕಲಾವಿದರ ಕರಾರು ಮತ್ತು ಲೆಕ್ಕಪತ್ರ ನೋಡಿಕೊಡುವುದು ನನ್ನ ಕೆಲಸ. ಈ ಕಡತ ನನ್ನ ಬಳಿ ಬಂದದ್ದೂ ಹಾಗೆಯೇ. ಗಾಯಕಿಯ ಒಪ್ಪಿಗೆ ಪಡೆದು ಬರೆಯುತ್ತಿದ್ದೇನೆ. ಊರು, ವಾಹಿನಿ, ಕಾರ್ಯಕ್ರಮ, ಕಂಪನಿ ಯಾವುದರ ಹೆಸರೂ ಇಲ್ಲಿಲ್ಲ. ಗುರುತು ಹತ್ತಬಹುದಾದ ಕೆಲವು ವಿವರಗಳನ್ನು ಬದಲಿಸಿದ್ದೇನೆ, ಮೊತ್ತಗಳನ್ನು ಬಿಟ್ಟಿದ್ದೇನೆ.

ಇಂಥ ಸಂಗತಿ ಕೇಳಿದಾಗ ಜನ ಎರಡು ತೀರ್ಪು ಕೊಡುತ್ತಾರೆ. ಟಿವಿಯವರು ಬಳಸಿ ಬಿಸಾಡಿದರು ಎನ್ನುವವರು ಕೆಲವರು, ಹುಡುಗಿಗೆ ತಲೆ ತಿರುಗಿತು ಎನ್ನುವವರು ಕೆಲವರು. ಕಡತ ಓದಿದರೆ ಎರಡೂ ಸಾಲವು. ಫೈನಲ್ ಮುಗಿದ ಮೇಲೆ ವರ್ಷ, ಹೆಚ್ಚೆಂದರೆ ಒಂದೂಕಾಲು ವರ್ಷ ಜನ ಮುಖ ನೆನಪಿಟ್ಟುಕೊಳ್ಳುತ್ತಾರೆ. ಸ್ಪರ್ಧೆ ಆಕೆಗೆ ಕೊಟ್ಟ ನಿಜವಾದ ಬಹುಮಾನ ಅದು. ಆ ಅವಧಿ ಬಂಡವಾಳ. ಮನೆಯವರು ಅದನ್ನು ಸಂಬಳ ಅಂದುಕೊಂಡರು. ಮುಂದೆ ಆದದ್ದೆಲ್ಲ ಈ ಒಂದು ಎಣಿಕೆಯಿಂದಲೇ ಹೊರಟಿದೆ ಎಂಬುದು ನನ್ನ ಅಭಿಪ್ರಾಯ.

ಹಿನ್ನೆಲೆ

ಉತ್ತರ ಕರ್ನಾಟಕದ ಒಂದು ತಾಲ್ಲೂಕು ಕೇಂದ್ರ. ಅಪ್ಪನದು ಸಣ್ಣ ಅಂಗಡಿ. ಶಾಲೆಯಲ್ಲಿದ್ದಾಗ ಪ್ರತಿಭಾ ಕಾರಂಜಿಯಲ್ಲಿ ಭಾವಗೀತೆ ಹಾಡಿ ಜಿಲ್ಲಾ ಮಟ್ಟದವರೆಗೆ ಹೋದವಳು. ಊರಿನ ಗುರುಗಳೊಬ್ಬರ ಬಳಿ ಹಿಂದೂಸ್ತಾನಿ ಕಲಿತಿದ್ದಳು. ಭೂಪ, ಯಮನ್, ಭೀಮಪಲಾಸ್ ರಾಗಗಳು ಚೆನ್ನಾಗಿ ಕುಳಿತಿದ್ದವು. ಮಂದ್ರದಲ್ಲಿ, ಅಂದರೆ ಕೆಳಗಿನ ಸಪ್ತಕದಲ್ಲಿ, ಇಷ್ಟು ತುಂಬಿದ ದನಿ ಹೆಣ್ಣುಮಕ್ಕಳಿಗೆ ಅಪರೂಪ ಎಂದು ಗುರುಗಳು ಹೇಳುತ್ತಿದ್ದರಂತೆ. ಈ ಮಾತನ್ನು ಓದುಗರು ನೆನಪಿಟ್ಟುಕೊಳ್ಳಬೇಕು, ಏಕೆಂದರೆ ಸ್ಪರ್ಧೆಯಲ್ಲಿ ಅದು ಯಾರಿಗೂ ಬೇಕಾಗಲಿಲ್ಲ.

ಆಡಿಷನ್‌ಗೆ ಹೋದಾಗ ಆಕೆ ಬಿ.ಕಾಂ. ಕೊನೆಯ ವರ್ಷದಲ್ಲಿದ್ದಳು. ಅಪ್ಪನ ಕಣ್ಣ ಮುಂದೆ ಇದ್ದದ್ದು ಟಿವಿ ಸ್ಪರ್ಧೆಗಳಿಂದ ಮೇಲೆ ಬಂದ ಸುನಿಧಿ ಚೌಹಾಣ್, ಶ್ರೇಯಾ ಘೋಷಾಲ್ ಅವರ ದಾರಿ. ಅದೇ ಸಾಲಿನಲ್ಲಿ ಅರಿಜಿತ್ ಸಿಂಗ್ ಕೂಡ ಇದ್ದಾರೆ. ಆದರೆ 2005ರ ಸ್ಪರ್ಧೆಯಲ್ಲಿ ಅವರು ಗೆಲ್ಲಲಿಲ್ಲ, ದೇಶವೆಲ್ಲ ಗುನುಗಿದ ಹಾಡು ಸಿಕ್ಕಿದ್ದು 2013ರಲ್ಲಿ, ನಡುವಿನ ವರ್ಷಗಳಲ್ಲಿ ಬೇರೆ ಸಂಗೀತ ನಿರ್ದೇಶಕರ ಕೈಕೆಳಗೆ ಪ್ರೋಗ್ರಾಮಿಂಗ್ ಮಾಡುತ್ತಿದ್ದರು. ಆ ನಡುವಿನ ವರ್ಷಗಳ ಬಗ್ಗೆ ಮನೆಯಲ್ಲಿ ಯಾರೂ ಮಾತಾಡಿರಲಿಲ್ಲ.

ಸ್ಪರ್ಧೆಯಲ್ಲಿ ವಾರಕ್ಕೊಂದು ಸುತ್ತು. ಒಮ್ಮೆ ಜನಪದ, ಒಮ್ಮೆ ಯುಗಳ ಗೀತೆ, ಒಮ್ಮೆ ಹಳೆಯ ಚಿತ್ರಗೀತೆ, ಒಮ್ಮೆ ಕುಣಿತದ ಹಾಡು. ಯಾವ ಹಾಡು ಕೊಟ್ಟರೂ ಮೂಲ ಗಾಯಕಿಯ ಹಾಗೇ ಹಾಡುತ್ತಾಳೆ ಎಂದು ತೀರ್ಪುಗಾರರು ಹೊಗಳಿದರು. ಆ ಹೊಗಳಿಕೆಯೇ ಮುಂದೆ ತೊಡಕಾಯಿತು: ನೋಡುಗರಿಗೆ ಆಕೆ ಹತ್ತಾರು ಗಾಯಕಿಯರ ದನಿಯಲ್ಲಿ ಪರಿಚಯವಾದಳು, ತನ್ನ ದನಿಯಲ್ಲಿ ಆಗಲಿಲ್ಲ. ಎಸ್.ಪಿ. ಬಾಲಸುಬ್ರಹ್ಮಣ್ಯಂ ನಡೆಸಿಕೊಡುತ್ತಿದ್ದ ‘ಎದೆ ತುಂಬಿ ಹಾಡುವೆನು’ ನೋಡಿದವರಿಗೆ ಗೊತ್ತು, ಅಲ್ಲಿ ಹಾಡು ಮುಗಿದರೆ ಮಾತು ಸಾಹಿತ್ಯ, ಸ್ವರ, ಉಚ್ಚಾರದ ಸುತ್ತ ನಡೆಯುತ್ತಿತ್ತು. ಈ ಷೋನಲ್ಲಿ ಹಾಡಿಗೆ ಮುಂಚೆ ‘ವಿಟಿ’, ಅಂದರೆ ಸ್ಪರ್ಧಿಯ ಬದುಕಿನ ವಿಡಿಯೋ ತುಣುಕು, ಬರುತ್ತಿತ್ತು: ಅಂಗಡಿ, ಅಪ್ಪನ ಸೈಕಲ್, ಅವ್ವನ ಕಣ್ಣೀರು. ಫೈನಲ್ ಮುಗಿದು ವರ್ಷ ಕಳೆದ ಮೇಲೂ ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕವರು ಕೇಳುತ್ತಿದ್ದದ್ದು “ಅಪ್ಪಾರು ಆರಾಮ ಅದಾರೇನವ್ವಾ?” ಎಂದು. ಯಾವ ಹಾಡು ಹಾಡಿದ್ದಳು ಎಂಬುದು ಒಬ್ಬರಿಗೂ ನೆನಪಿರಲಿಲ್ಲ. ಆಕೆ ಇದನ್ನು ನಗುತ್ತಲೇ ಹೇಳಿದಳು.

ಸಹಿ

ಗೆದ್ದ ಮೇಲೆ ಕರಾರಿಗೆ ಸಹಿ ಆಗುತ್ತದೆ ಎಂದು ಹೊರಗಿನವರು ತಿಳಿದಿರುತ್ತಾರೆ. ಇಲ್ಲಿ ಸಹಿ ಆದದ್ದು ಮುಖ್ಯ ಸುತ್ತಿಗೆ ಆಯ್ಕೆಯಾದಾಗ, ಮೊದಲ ಚಿತ್ರೀಕರಣಕ್ಕೆ ಮೇಕಪ್ ನಡೆಯುತ್ತಿರುವಾಗ. ಅಪ್ಪ ನನಗೆ ಹೇಳಿದ್ದನ್ನು ಹಾಗೇ ಕೊಡುತ್ತೇನೆ: “ಸಹಿ ಮಾಡಲಿಲ್ಲಂದ್ರ ಸ್ಟೇಜ್ ಮ್ಯಾಲೆ ಬಿಡಂಗಿಲ್ಲ ಅಂದ್ರು ಸರ. ಇಪ್ಪತ್ತು ಹಾಳಿ, ಅದೂ ಇಂಗ್ಲಿಷ್. ಎಲ್ಲಾ ಹುಡುಗರ ಅಪ್ಪ-ಅವ್ವ ಸಹಿ ಮಾಡಾಕತ್ತಿದ್ರು, ನಾ ಒಬ್ಬಾವ ಏನಂತ ಕೇಳ್ಲಿ ಹೇಳ್ರಿ?”

ಕರಾರಿನ ತಿರುಳು ಹೀಗಿತ್ತು. ಪ್ರಸಾರ ಮುಗಿದ ದಿನದಿಂದ ಮೂರು ವರ್ಷ ಆಕೆಯ ಎಲ್ಲ ವೇದಿಕೆ ಕಾರ್ಯಕ್ರಮ, ಧ್ವನಿಮುದ್ರಣ, ಜಾಹೀರಾತು ನಿರ್ವಹಣಾ ಕಂಪನಿಯ ಮೂಲಕವೇ ಆಗಬೇಕು. ಬಂದ ಹಣದಲ್ಲಿ ಕಂಪನಿಗೆ ಶೇ 40. ಕಾರ್ಯಕ್ರಮದ ಹೆಸರನ್ನು, ಅಂದರೆ ಬ್ಯಾನರ್‌ಗಳಲ್ಲಿ ಹಾಕುವ ‘...ಖ್ಯಾತಿಯ’ ಎಂಬುದನ್ನು, ಅನುಮತಿಯಿಲ್ಲದೆ ಬಳಸುವಂತಿಲ್ಲ. ತಪ್ಪಿದರೆ ದೊಡ್ಡ ಮೊತ್ತದ ದಂಡ. ಅವಧಿ ಮುಗಿದ ಮೇಲೂ ಒಂದು ವರ್ಷ ಬೇರೆ ಯಾರೊಂದಿಗೆ ಒಪ್ಪಂದ ಮಾಡಿಕೊಳ್ಳುವ ಮುನ್ನ ಮೊದಲು ಇವರನ್ನೇ ಕೇಳಬೇಕು.

ಇದನ್ನು ಓದಿ ಕಂಪನಿಯನ್ನು ಬೈಯುವುದು ಸುಲಭ. ಆದರೆ ತಿಂಗಳುಗಟ್ಟಲೆ ತರಬೇತಿ, ವಾದ್ಯವೃಂದ, ಪ್ರೈಮ್ ಟೈಮ್ ಪ್ರಸಾರಕ್ಕೆ ಹಣ ಹಾಕಿದವರು ಅದರ ಒಂದು ಭಾಗವನ್ನು ಮರಳಿ ಕೇಳುವುದರಲ್ಲಿ ಅನ್ಯಾಯವೇನಿಲ್ಲ. ಶೇ 40 ಕೂಡ ಕೆಲಸ ತಂದುಕೊಟ್ಟರೆ ತಾಳಬಹುದಾದ ಪಾಲು. ತೂತು ಇದ್ದದ್ದು ಬೇರೆ ಕಡೆ. ಆಕೆ ಬೇರೆಡೆ ಹಾಡಬಾರದು ಎಂದು ಬರೆದವರು, ತಾವು ವರ್ಷಕ್ಕೆ ಕನಿಷ್ಠ ಇಷ್ಟು ಕಾರ್ಯಕ್ರಮ ಕೊಡುತ್ತೇವೆ ಎಂದು ಬರೆದಿರಲಿಲ್ಲ. ಕಟ್ಟು ಒಂದೇ ಕಡೆಗಿತ್ತು.

ಕಾನೂನಿನ ದೃಷ್ಟಿಯಿಂದ ಎರಡು ಮಾತು. 1872ರ ಭಾರತೀಯ ಕರಾರು ಕಾಯ್ದೆಯ 27ನೇ ಕಲಮಿನ ಪ್ರಕಾರ ಒಬ್ಬರ ವೃತ್ತಿಗೆ ಅಡ್ಡ ಹಾಕುವ ಒಪ್ಪಂದ ಅಷ್ಟರ ಮಟ್ಟಿಗೆ ಅನೂರ್ಜಿತ. ಕರಾರು ಮುಗಿದ ನಂತರವೂ ‘ಮೊದಲು ನಮ್ಮನ್ನೇ ಕೇಳಬೇಕು’ ಎನ್ನುವ ಷರತ್ತು ನಿಲ್ಲದು ಎಂದು ಕ್ರಿಕೆಟಿಗ ಜಹೀರ್ ಖಾನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2006ರಲ್ಲಿ ಹೇಳಿದೆ. ಹಾಗಾಗಿ ನಾಲ್ಕನೇ ವರ್ಷದ ಷರತ್ತಿಗೆ ಹೆದರಬೇಕಿರಲಿಲ್ಲ. ಆದರೆ ಕರಾರು ಚಾಲ್ತಿಯಲ್ಲಿರುವಾಗಿನ ಕಟ್ಟು ಬೇರೆ ವಿಷಯ. ಹಾಡು ಎಂದು ಯಾವ ಕೋರ್ಟೂ ಗಾಯಕಿಯನ್ನು ಬಲವಂತ ಮಾಡದು. ಬೇರೆಯವರಿಗೆ ಹಾಡಬೇಡ ಎಂದು ತಡೆಯಾಜ್ಞೆ ಕೊಡಬಹುದು. 1963ರ ನಿರ್ದಿಷ್ಟ ಪರಿಹಾರ ಕಾಯ್ದೆಯಲ್ಲಿ ಅದಕ್ಕೆ ಅವಕಾಶವಿದೆ. ಮೊದಲ ವರ್ಷವೇ ಬಂಡವಾಳವಾದ ಮನುಷ್ಯರಿಗೆ ಈ ವ್ಯತ್ಯಾಸ ಜೀವನ್ಮರಣದ್ದು.

ಮೊದಲ ಸುಗ್ಗಿ

ಫೈನಲ್ ಆದದ್ದು ಕೋವಿಡ್‌ಗೆ ಸುಮಾರು ಎರಡು ವರ್ಷ ಮುಂಚೆ. ಬಹುಮಾನದ ಹಣ ಕೈಗೆ ಬಂದಾಗ ಸುಮಾರು ಮೂರನೇ ಒಂದು ಭಾಗ ಕಡಿತವಾಗಿತ್ತು. ಟಿವಿ ಸ್ಪರ್ಧೆಯ ಬಹುಮಾನಕ್ಕೆ ಶೇ 30ರ ನೇರ ತೆರಿಗೆ, ಮೇಲೆ ಸೆಸ್. ಬೇರೆ ಆದಾಯ ಏನೂ ಇಲ್ಲದಿದ್ದರೂ ಇದರಲ್ಲಿ ವಿನಾಯಿತಿ ಇಲ್ಲ, ಖರ್ಚು ಕಳೆಯುವಂತಿಲ್ಲ. ಅಪ್ಪ ಪೂರ್ತಿ ಮೊತ್ತ ನಂಬಿ ಮನೆಯ ಮೇಲಂತಸ್ತಿಗೆ ಮುಂಗಡ ಕೊಟ್ಟಿದ್ದರು. ಕೊರತೆ ತುಂಬಲು ಕೈಸಾಲ. ಅಲ್ಲಿಂದ ಆತುರ ಶುರುವಾಯಿತು.

ಆಗಲೇ ಗಣೇಶೋತ್ಸವದ ಸಮಯ. ಗಣೇಶನಿಂದ ಹಿಡಿದು ದಸರಾ, ನವೆಂಬರ್ ಪೂರ್ತಿ ರಾಜ್ಯೋತ್ಸವ, ಆಮೇಲೆ ಜಾತ್ರೆಗಳು: ರಸಮಂಜರಿ ನಡೆಸುವವರಿಗೆ ವರ್ಷದ ದುಡಿಮೆಯೆಲ್ಲ ಈ ತಿಂಗಳುಗಳಲ್ಲೇ. ಫೋನ್‌ಗಳು ಅಪ್ಪನಿಗೆ ಬಂದವು. ಕರಾರಿನಂತೆ ಅವರು ಎಲ್ಲವನ್ನೂ ಕಂಪನಿಗೆ ದಾಟಿಸಿದರು. ಕಂಪನಿ ಹೇಳಿದ ದರಕ್ಕೆ ಹಳ್ಳಿಯ ಯುವಕ ಮಂಡಳಿಗಳು ಬೆಚ್ಚಿಬಿದ್ದು ಬೇರೆಯವರನ್ನು ಗೊತ್ತು ಮಾಡಿಕೊಂಡವು. ಕಂಪನಿಗೆ ತಾಲ್ಲೂಕು ಮಟ್ಟದ ಕಾರ್ಯಕ್ರಮ ಬೇಕಾಗಿಯೇ ಇರಲಿಲ್ಲ. ಅವರ ಲೆಕ್ಕದಲ್ಲಿ ದೊಡ್ಡ ಉತ್ಸವ, ಕಾರ್ಪೊರೇಟ್ ಸಂಜೆಗಳಷ್ಟೇ ಇದ್ದವು, ಅಲ್ಲಿಗೆ ಮೊದಲ ಸ್ಥಾನದವರೇ ಹೋಗುತ್ತಿದ್ದರು. ಇಡೀ ಸುಗ್ಗಿಯಲ್ಲಿ ಆಕೆಗೆ ಸಿಕ್ಕಿದ್ದು ಬೆರಳೆಣಿಕೆಯಷ್ಟು.

ಮೊದಲ ತಿರುವು ಇಲ್ಲಿದೆ. ಈ ಹಂತದಲ್ಲಿ ಒಂದು ಪತ್ರ ಬರೆದು “ಇಷ್ಟು ದರದ ಕೆಳಗಿನ ಸ್ಥಳೀಯ ಕಾರ್ಯಕ್ರಮಗಳನ್ನು ನಾವೇ ನೋಡಿಕೊಳ್ಳುತ್ತೇವೆ, ನಿಮ್ಮ ಪಾಲು ಕೊಡುತ್ತೇವೆ” ಎಂದು ಕೇಳಿದ್ದರೆ ಕಂಪನಿ ಒಪ್ಪುವ ಸಾಧ್ಯತೆ ಇತ್ತು. ಅವರಿಗೆ ಕುಳಿತಲ್ಲೇ ಬರುವ ಹಣ ಅದು. ಕುಟುಂಬ ಕೇಳಲಿಲ್ಲ, ಸುಮ್ಮನೆ ‘ಹೊರಗಿನ ಷೋ’ ಒಪ್ಪಿಕೊಳ್ಳತೊಡಗಿತು. ಸಂಘಟಕರು ಬ್ಯಾನರ್ ಮೇಲೆ ಕಾರ್ಯಕ್ರಮದ ಹೆಸರನ್ನು ಆಕೆಯ ಹೆಸರಿಗಿಂತ ದೊಡ್ಡದಾಗಿ ಹಾಕಿಸಿದರು, ಯಾರೋ ಫೇಸ್‌ಬುಕ್‌ಗೆ ಏರಿಸಿದರು, ವಾರದೊಳಗೆ ವಕೀಲರ ನೋಟಿಸ್ ಬಂತು.

ನೋಟಿಸಿನಲ್ಲಿದ್ದ ದಂಡದ ಮೊತ್ತ ನೋಡಿ ಮನೆಯವರು ಊಟ ಬಿಟ್ಟರಂತೆ. ಕರಾರು ಕಾಯ್ದೆಯ 74ನೇ ಕಲಮಿನಡಿ, ಕಾಗದದಲ್ಲಿ ಎಷ್ಟೇ ಬರೆದಿರಲಿ, ಕೋರ್ಟ್ ಕೊಡಿಸುವುದು ನ್ಯಾಯವಾದ ಪರಿಹಾರವನ್ನಷ್ಟೇ. ಬರೆದ ಮೊತ್ತ ಅದರ ಮೇಲಿನ ಮಿತಿ. ಇದನ್ನು ಹೇಳುವವರು ಆಗ ಯಾರೂ ಹತ್ತಿರ ಇರಲಿಲ್ಲ. ಅಪ್ಪ ಬೆಂಗಳೂರಿಗೆ ಹೋಗಿ ಕ್ಷಮಾಪಣೆ ಪತ್ರ ಬರೆದುಕೊಟ್ಟು ಬಂದರು. ಹೊರಗಿನ ಷೋ ನಿಂತಿತು, ಒಳಗಿನ ಷೋ ಹೆಚ್ಚಲಿಲ್ಲ.

ಟ್ರ್ಯಾಕ್

ಇದೇ ಹೊತ್ತಿಗೆ ಒಬ್ಬ ಸಂಗೀತ ನಿರ್ದೇಶಕರು ಸ್ಟುಡಿಯೋಗೆ ಕರೆದರು. ಆಕೆ ಹಾಡಿ ಬಂದಳು, ಊರಿಗೆಲ್ಲ ಹೇಳಿಕೊಂಡಳು. ಲಿರಿಕಲ್ ವಿಡಿಯೋ ಬಂದಾಗ ದನಿ ಹೆಸರಾಂತ ಗಾಯಕಿಯದು. ಆಕೆ ಹಾಡಿದ್ದು ಟ್ರ್ಯಾಕ್: ರಾಗ ಕೂರಿಸಲು, ನಿರ್ಮಾಪಕರಿಗೆ ಕೇಳಿಸಲು, ಮುಖ್ಯ ಗಾಯಕರು ಕಲಿತುಕೊಳ್ಳಲು ಹಾಡಿಸುವ ತಾತ್ಕಾಲಿಕ ಧ್ವನಿ. ಚಿತ್ರರಂಗದಲ್ಲಿ ಇದು ದಿನನಿತ್ಯದ ಪದ್ಧತಿ. ಹೊಸಬರಿಗೆ ಅದೇ ಒಳಬಾಗಿಲು, ಏಕೆಂದರೆ ಕೆಲವೊಮ್ಮೆ ಟ್ರ್ಯಾಕ್ ಹಾಡಿದ ದನಿಯೇ ಚೆನ್ನಾಗಿದೆ ಎಂದು ಉಳಿದುಬಿಡುತ್ತದೆ.

ಆಕೆಗೆ ಇದನ್ನು ಯಾರೂ ಮೊದಲೇ ಹೇಳಿರಲಿಲ್ಲ, ನಿರ್ದೇಶಕರೂ ಹೇಳಲಿಲ್ಲ. ಅದು ಅವರ ತಪ್ಪೇ. ಆದರೆ ಎರಡನೇ ತಿರುವು ಆಕೆಯ ಕೈಯಲ್ಲಿತ್ತು. ರಾತ್ರಿ ಕೂತು ಲೈವ್ ಬಂದು, ಹೆಸರು ಹೇಳದೆ, ಆದರೆ ಎಲ್ಲರಿಗೂ ಗೊತ್ತಾಗುವ ಹಾಗೆ ಅತ್ತುಕೊಂಡಳು. ಸ್ಪರ್ಧೆಯಲ್ಲಿ ಕಣ್ಣೀರಿಗೆ ಮತ ಬೀಳುತ್ತಿತ್ತು. ಸ್ಟುಡಿಯೋಗಳಲ್ಲಿ ಆ ವಿಡಿಯೋ ಕೈಯಿಂದ ಕೈಗೆ ಹೋಯಿತು, ಕರೆಗಳು ನಿಂತವು. ಕೋರಸ್‌ಗೂ ಕರೆಯಲಿಲ್ಲ. ಅನಂತರ ಒಬ್ಬ ಸೌಂಡ್ ಎಂಜಿನಿಯರ್ ನನಗೆ ಹೇಳಿದ ಮಾತು ನಿಷ್ಠುರ, ಆದರೆ ಸುಳ್ಳಲ್ಲ: “ಟ್ರ್ಯಾಕ್ ಹಾಡೋಕೆ ಕರೆದ್ರೆ ನಾಳೆ ನಮ್ ಮೇಲೂ ವಿಡಿಯೋ ಮಾಡ್ತಾರೇನೋ ಅಂತ ಭಯ ಸರ್.”

ಹಕ್ಕಿನ ವಿಷಯದಲ್ಲೂ ಒಂದು ಗೊಂದಲ ಇತ್ತು. 2012ರ ತಿದ್ದುಪಡಿಯ ನಂತರ ಕೃತಿಸ್ವಾಮ್ಯ ಕಾಯ್ದೆಯ 38ಎ ಕಲಮು, ಚಿತ್ರದಲ್ಲಿ ಹಾಡಲು ಒಪ್ಪಿ ಸಹಿ ಮಾಡಿದ ಗಾಯಕರಿಗೂ ವಾಣಿಜ್ಯ ಬಳಕೆಯ ರಾಯಧನದ ಹಕ್ಕನ್ನು ಉಳಿಸಿದೆ; ಗಾಯಕರ ಹಕ್ಕುಗಳ ಸಂಘ ಇಸ್ರಾ 2013ರಲ್ಲಿ ಹುಟ್ಟಿದ್ದು ಈ ಹಿನ್ನೆಲೆಯಲ್ಲೇ. ಟ್ರ್ಯಾಕ್ ಹಾಡಿದವರ ದನಿ ಹೊರಬರುವುದೇ ಇಲ್ಲವಾದ್ದರಿಂದ ರಾಯಧನದ ಪ್ರಶ್ನೆ ಏಳುವುದಿಲ್ಲ. ಅವರಿಗೆ ಅಂದಿನ ಕೂಲಿಯೇ ಎಲ್ಲ. ಆಕೆ ಅದನ್ನೂ ಕೇಳಿರಲಿಲ್ಲ.

ಸಿಟ್ಟಿನಲ್ಲಿ ಮಾಡಿದ ಮುಂದಿನ ಕೆಲಸ ಸ್ವಂತ ಆಲ್ಬಂ ಹಾಡು. ಸಾಲ ಮಾಡಿ ಡ್ರೋನ್, ನೃತ್ಯಗಾರರು, ಕರಾವಳಿಯಲ್ಲಿ ಚಿತ್ರೀಕರಣ. ರಾಗ ಹಾಕಿಸಲು ಕೊಟ್ಟ ಹಣ ಇಡೀ ಖರ್ಚಿನಲ್ಲಿ ತೀರಾ ಸಣ್ಣ ಪಾಲು, ಕೇಳಿದರೆ ಅದು ಗೊತ್ತಾಗುತ್ತದೆ. ಆಡಿಯೋ ಸಂಸ್ಥೆಯೊಂದು ತನ್ನ ಚಾನೆಲ್‌ನಲ್ಲಿ ಹಾಕಿಕೊಳ್ಳಲು ಒಪ್ಪಿ ಎಲ್ಲ ಹಕ್ಕುಗಳನ್ನೂ ‘ಶಾಶ್ವತವಾಗಿ, ವಿಶ್ವದಾದ್ಯಂತ’ ಬರೆಸಿಕೊಂಡಿತು. ಅವಧಿ, ವ್ಯಾಪ್ತಿ ಬರೆಯದೆ ಬಿಟ್ಟಿದ್ದರೆ ಕೃತಿಸ್ವಾಮ್ಯ ಕಾಯ್ದೆಯ 19ನೇ ಕಲಮಿನಂತೆ ಐದು ವರ್ಷಕ್ಕೆ ಹಕ್ಕು ಮರಳುತ್ತಿತ್ತು, ವ್ಯಾಪ್ತಿ ಭಾರತಕ್ಕಷ್ಟೇ ಸೀಮಿತವಾಗುತ್ತಿತ್ತು. ಅವರು ಬರೆದಿದ್ದರು. ನಿರ್ವಹಣಾ ಕಂಪನಿ ಈ ಸಲ ಆಕ್ಷೇಪಿಸಲಿಲ್ಲ. ಹಾಡು ಓಡಲಿಲ್ಲ. ಯೂಟ್ಯೂಬ್‌ನಲ್ಲಿ ಹಳೆಯ ಚಿತ್ರಗೀತೆಗಳ ಕವರ್ ಹಾಕಿದಾಗ ಹಾಡಿನ ಹಕ್ಕುದಾರರನ್ನು ಗುರುತಿಸುವ ಯೂಟ್ಯೂಬ್‌ನ ವ್ಯವಸ್ಥೆಯಾದ ಕಂಟೆಂಟ್ ಐಡಿ ಮೂಲಕ ಜಾಹೀರಾತಿನ ಹಣ ಆಡಿಯೋ ಸಂಸ್ಥೆಗಳಿಗೆ ಹೋಯಿತು.

ಗಂಟಲು

ಎರಡನೇ ವರ್ಷ ಹೊಸ ಸೀಸನ್ ಬಂತು, ಹೊಸ ಮುಖಗಳು ಬಂದವು. ದರ ಇಳಿಯಿತು. ಇಳಿದ ದರಕ್ಕೆ ಕಂಪನಿಯೂ ಸಣ್ಣ ಕಾರ್ಯಕ್ರಮ ಒಪ್ಪಿಕೊಳ್ಳತೊಡಗಿತು, ಹೀಗಾಗಿ ವಿಚಿತ್ರವೆಂದರೆ ಕೆಲಸ ಹೆಚ್ಚಾಯಿತು. ಒಂದೇ ರಾತ್ರಿಯಲ್ಲಿ ಹತ್ತಾರು ಹಾಡು, ಮರುದಿನ ಬೇರೆ ಜಿಲ್ಲೆ, ಕಾರಿನಲ್ಲೇ ನಿದ್ದೆ. ರಾತ್ರಿ 10ರ ನಂತರ ಧ್ವನಿವರ್ಧಕ ನಿಲ್ಲಿಸಬೇಕೆಂದು 2000ದ ಶಬ್ದ ಮಾಲಿನ್ಯ ನಿಯಮ ಹೇಳುತ್ತದೆ, ಹಬ್ಬಗಳಿಗೆ ವರ್ಷದಲ್ಲಿ 15 ದಿನ ಮೀರದಂತೆ ಮಧ್ಯರಾತ್ರಿಯವರೆಗೆ ಸರ್ಕಾರ ಸಡಿಲಿಕೆ ಕೊಡಬಹುದು. ಭಾಷಣ, ಸನ್ಮಾನ ಮುಗಿದು ಆಕೆಯ ಸರದಿ ಬರುವುದೇ ಆ ಹೊತ್ತಿಗೆ.

ಹಳ್ಳಿಯ ವೇದಿಕೆಗಳಲ್ಲಿ ಗಾಯಕರ ಎದುರು ಮಾನಿಟರ್ ಇರುವುದು ಕಡಿಮೆ. ತನ್ನ ದನಿ ತನಗೇ ಕೇಳದಿದ್ದರೆ ಮನುಷ್ಯ ತಾನಾಗಿ ಗಟ್ಟಿ ಹಾಡುತ್ತಾನೆ. ಸುತ್ತಲಿನ ಸದ್ದಿನೊಂದಿಗೆ ದನಿ ಏರುವ ಈ ಸಹಜ ಪ್ರತಿಕ್ರಿಯೆಗೆ ಲೊಂಬಾರ್ಡ್ ಪರಿಣಾಮ ಎಂಬ ಹೆಸರಿದೆ. ಅದರ ಮೇಲೆ ಶ್ರುತಿಯ ಹಟ. ಮಂದ್ರ ತುಂಬಿದ ದನಿಯವಳು ಪ್ರತಿಯೊಂದು ಹಾಡನ್ನೂ ಮೂಲ ಶ್ರುತಿಯಲ್ಲೇ ಹಾಡುತ್ತಿದ್ದಳು, ಸ್ಪರ್ಧೆಯಲ್ಲಿ ಹಾಗೆ ಹಾಡಿಯೇ ಹೊಗಳಿಸಿಕೊಂಡಿದ್ದಳು. ಕೀಬೋರ್ಡಿನವರು ಟ್ರಾನ್ಸ್‌ಪೋಸ್ ಬಟನ್ ಒತ್ತಿದರೆ ಒಂದೂವರೆ ಸ್ವರ ಇಳಿಯುತ್ತದೆ, ಯಾರಿಗೂ ಗೊತ್ತಾಗದು. ಕೇಳುವುದು ಅವಮಾನ ಅನಿಸಿತ್ತು. “ಫೈನಲಿಸ್ಟ್ ಆಗಿ ಶ್ರುತಿ ಇಳಸ್ರಿ ಅಂದ್ರ ನಗ್ತಾರ ಸರ” ಎಂದಳು.

ಮೊದಲು ಬೆಳಗ್ಗೆ ದನಿ ಒಡೆಯುವುದು, ಆಮೇಲೆ ಮೇಲಿನ ಸ್ವರಗಳಲ್ಲಿ ಗಾಳಿ ಸೋರುವುದು, ಆಮೇಲೆ ಮಾತಿನಲ್ಲೂ ಗೊರಗೊರ. ಕಾರ್ಯಕ್ರಮಕ್ಕೆ ಮುಂಚೆ ಒಂದು ಸ್ಟಿರಾಯ್ಡ್ ಇಂಜೆಕ್ಷನ್ ಹಾಕಿಸಿಕೊಂಡು ವೇದಿಕೆ ಹತ್ತುವ ರೂಢಿ ಬೆಳೆಯಿತು. ಅದು ಊತವನ್ನು ಕೆಲ ಹೊತ್ತು ಅಡಗಿಸುತ್ತದೆ. ಗಾಯವಾದ ಸ್ವರತಂತುಗಳ ಮೇಲೆ ಹಾಡುಗಾರ್ತಿ ಇನ್ನಷ್ಟು ಬಲ ಹಾಕುತ್ತಾಳೆ. ಕೊನೆಗೆ ಕಿವಿ-ಮೂಗು-ಗಂಟಲು ತಜ್ಞರು ಸ್ಟ್ರೋಬೋಸ್ಕೋಪಿ, ಅಂದರೆ ಮಿನುಗು ಬೆಳಕಿನಲ್ಲಿ ಸ್ವರತಂತುಗಳ ಚಲನೆ ನೋಡುವ ಪರೀಕ್ಷೆ, ಮಾಡಿದಾಗ ಎರಡೂ ಸ್ವರತಂತುಗಳ ಮೇಲೆ, ಮುಂದಿನ ಮೂರನೇ ಒಂದು ಭಾಗ ಮುಗಿಯುವಲ್ಲಿ, ಎದುರುಬದುರಾಗಿ ಗಂಟುಗಳು ಕಂಡವು. ಹಾಡುವಾಗ ತಂತುಗಳು ಅತ್ಯಂತ ಜೋರಾಗಿ ಬಡಿದುಕೊಳ್ಳುವ ಜಾಗ ಅದೇ. ಮಧ್ಯಸಪ್ತಕದ ಒಂದು ಸ್ವರಕ್ಕೇ ಅವು ಸೆಕೆಂಡಿಗೆ ಇನ್ನೂರು ಮುನ್ನೂರು ಸಲ ಕೂಡಿ ಬಿಡುತ್ತವೆ, ಮೇಲಿನ ತಾರ ಸಪ್ತಕಕ್ಕೆ ಹೋದರೆ ದುಪ್ಪಟ್ಟು.

ಮನೆಯವರು ಶಸ್ತ್ರಚಿಕಿತ್ಸೆಗೆ ತಯಾರಾಗಿದ್ದರು, ಬೇಗ ಮುಗಿಯುತ್ತದೆಂದು. ವೈದ್ಯರು ತಡೆದರು. ಈ ಬಗೆಯ ಗಂಟುಗಳಿಗೆ ಮೊದಲ ಚಿಕಿತ್ಸೆ ಧ್ವನಿ ಚಿಕಿತ್ಸೆ, ಹಾಡುವ ಅಭ್ಯಾಸ ಬದಲಾಗದೆ ಕತ್ತರಿಸಿದರೆ ಮತ್ತೆ ಬರುತ್ತವೆ. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಂಥ ಕಡೆ ಇದಕ್ಕೆಂದೇ ಪರಿಣತರಿದ್ದಾರೆ ಎಂಬುದು ನಮ್ಮ ಎಷ್ಟೋ ಗಾಯಕರಿಗೆ ತಿಳಿದೇ ಇಲ್ಲ. ಒಪ್ಪಿಕೊಂಡ ಕಾರ್ಯಕ್ರಮವನ್ನು ಕಂಪನಿಯ ಒಪ್ಪಿಗೆಯಿಲ್ಲದೆ ಬಿಡುವಂತಿರಲಿಲ್ಲ, ಮನೆಯಲ್ಲಿ ಸಾಲ ಇತ್ತು. ಚಿಕಿತ್ಸೆ ಮುಂದೂಡಿಕೊಂಡೇ ಹೋಯಿತು. 2020ರ ಮಾರ್ಚ್‌ನಲ್ಲಿ ಲಾಕ್‌ಡೌನ್ ಆಗಿ ಎಲ್ಲ ವೇದಿಕೆಗಳೂ ನಿಂತಾಗ ಆಕೆಯ ಗಂಟಲಿಗೆ ಮೊದಲ ಬಾರಿ ವಿರಾಮ ಸಿಕ್ಕಿತು. ಊರಿಗೆಲ್ಲ ಬಂದ ಕೇಡು ಆ ಗಂಟಲನ್ನು ಉಳಿಸಿತು ಎಂದರೆ ಅತಿಯಾಗದು.

ಕಡತ ಬಿಚ್ಚಿದಾಗ

ಈ ಕುಟುಂಬ ನನ್ನ ಬಳಿ ಬಂದದ್ದು ಆ ಲಾಕ್‌ಡೌನ್ ತಿಂಗಳುಗಳಲ್ಲಿ, ಕೇಳಿದ್ದು ಒಂದೇ ಪ್ರಶ್ನೆ: “ಬಾಂಡ್‌ನಿಂದ ಹೊರಗ ಬರಾಕ ದಾರಿ ಐತೇನ್ರಿ?”

ಕರಾರಿನಲ್ಲಿ ಅಪ್ಪ-ಮಗಳು ಗಮನಿಸದ ಒಂದು ಸಾಲಿತ್ತು. ಕಂಪನಿ ಮೂರು ತಿಂಗಳಿಗೊಮ್ಮೆ ಲೆಕ್ಕ ಕೊಡಬೇಕು. ಒಮ್ಮೆಯೂ ಕೊಟ್ಟಿರಲಿಲ್ಲ, ಇವರು ಕೇಳಿಯೂ ಇರಲಿಲ್ಲ. ಲೆಕ್ಕವಿಲ್ಲದೆ ಬಾಕಿ ಎಷ್ಟೆಂದು ಹೇಗೆ ಹೇಳುವುದು? ಇದಕ್ಕೆ ಉತ್ತರ ಸಿಕ್ಕಿದ್ದು ಆದಾಯ ತೆರಿಗೆ ಪೋರ್ಟಲ್‌ನಲ್ಲಿ. ವೃತ್ತಿ ಶುಲ್ಕ ಕೊಡುವವರು ಮೂಲದಲ್ಲೇ ಶೇ 10 ತೆರಿಗೆ ಕಡಿತ ಮಾಡಿ ಆಕೆಯ ಪ್ಯಾನ್ ಸಂಖ್ಯೆಗೆ ಜಮಾ ಮಾಡಬೇಕು. ಹಣ ಕೈಗೆ ಕೊಟ್ಟಾಗ ಅಥವಾ ತಮ್ಮ ಪುಸ್ತಕದಲ್ಲಿ ಆಕೆಯ ಹೆಸರಿಗೆ ಬರೆದಾಗ, ಯಾವುದು ಮೊದಲೋ ಆಗ. ಆಕೆಯ ಹೆಸರಿನಲ್ಲಿ ಕಡಿತವಾದ ತೆರಿಗೆಯ ಪಟ್ಟಿಯಾದ ಫಾರಂ 26ಎಎಸ್ ತೆಗೆದು ಬ್ಯಾಂಕ್ ಪಾಸ್‌ಬುಕ್ ಪಕ್ಕದಲ್ಲಿಟ್ಟೆವು. ಎರಡು ವರ್ಷದ ಮಾರ್ಚ್ ತಿಂಗಳುಗಳಲ್ಲಿ ಕಂಪನಿ ಆಕೆಗೆ ಕೊಡಬೇಕಾದ್ದೆಂದು ಬರೆದುಕೊಂಡು ತೆರಿಗೆ ಕಟ್ಟಿತ್ತು. ಆ ಮೊತ್ತ ಬ್ಯಾಂಕಿಗೆ ಬಂದಿರಲಿಲ್ಲ. ಬಾಕಿಯನ್ನು ಅವರ ಲೆಕ್ಕಿಗರೇ ಸರ್ಕಾರಕ್ಕೆ ಬರೆದುಕೊಟ್ಟಂತಾಗಿತ್ತು.

ಇದರ ಹಿಂದೆ ಮೋಸ ಇತ್ತೆಂದು ನನಗೆ ಅನಿಸಿಲ್ಲ. ಸಂಘಟಕರಿಂದ ಹಣ ಬರುವುದು ತಡವಾಗಿರಬಹುದು, ಯಾರೂ ಕೇಳದ ಬಾಕಿ ಫೈಲಿನಲ್ಲೇ ಕೂತಿರಬಹುದು. ಹಾಗಾಗಿ ಜಗಳದ ದನಿಯಲ್ಲಿ ಬರೆಯಲಿಲ್ಲ. ಲೆಕ್ಕ ಕೇಳಿ ಒಂದು ಪತ್ರ, 26ಎಎಸ್ ಪ್ರತಿ, ವೈದ್ಯರ ವರದಿ, ಒಂದು ಪ್ರಸ್ತಾಪ: ಬಾಕಿ ಕೊಡಿ, ಉಳಿದ ಅವಧಿಯ ಕಟ್ಟನ್ನು ಸಡಿಲಿಸಿ, ನಿಮ್ಮ ಮೂಲಕ ಬಂದ ಕಾರ್ಯಕ್ರಮಕ್ಕೆ ನಿಮ್ಮ ಪಾಲು ಇದ್ದೇ ಇದೆ. ವಕೀಲ ಮಿತ್ರರೊಬ್ಬರು ನೇರವಾಗಿ ಕೋರ್ಟಿಗೆ ಹೋಗೋಣ ಎಂದಿದ್ದರು. ಗಾಯಕಿಯೇ ಬೇಡವೆಂದಳು, ಮತ್ತೊಂದು ಲೈವ್ ವಿಡಿಯೋ ಆಗುವುದು ಬೇಡ ಎಂದು. ಈ ಪ್ರಕರಣದಲ್ಲಿ ಆಕೆ ತೆಗೆದುಕೊಂಡ ಅತ್ಯುತ್ತಮ ನಿರ್ಧಾರ ಅದು ಎಂದೇ ನನ್ನ ಎಣಿಕೆ.

ಕೆಲವು ಸುತ್ತು ಮಾತಾದ ಮೇಲೆ ಕಂಪನಿ ಒಪ್ಪಿತು, ಬಾಕಿಯನ್ನು ಕಂತುಗಳಲ್ಲಿ ಕೊಟ್ಟಿತು, ಅವಧಿಗೆ ಮುನ್ನವೇ ಬಿಡುಗಡೆ ಪತ್ರ ಕೊಟ್ಟಿತು. ಕಾರ್ಯಕ್ರಮಗಳೇ ಇಲ್ಲದ ಕಾಲ, ಕಟ್ಟಿಟ್ಟುಕೊಂಡು ಅವರಿಗೂ ಲಾಭವಿರಲಿಲ್ಲ. ಸುಗ್ಗಿಯ ದಿನಗಳಾಗಿದ್ದರೆ ಇಷ್ಟು ಸುಲಭಕ್ಕೆ ಬಿಡುತ್ತಿರಲಿಲ್ಲ. ಕಡಿತವಾದ ತೆರಿಗೆಯ ಕತೆ ಅರ್ಧ ಗೆಲುವು: ಆಕೆಯ ಆದಾಯ ತೆರಿಗೆ ಮಿತಿಯ ಕೆಳಗಿತ್ತು, ರಿಟರ್ನ್ ಸಲ್ಲಿಸಿದ್ದರೆ ವೃತ್ತಿ ಶುಲ್ಕದ ಕಡಿತವೆಲ್ಲ ಮರಳುತ್ತಿತ್ತು. ಎರಡು ವರ್ಷಗಳಲ್ಲಿ ಒಂದರ ರಿಟರ್ನ್ ಗಡುವು ಮೀರಿತ್ತು. ವಿಳಂಬ ಮನ್ನಾ ಕೋರಿ 1961ರ ಆದಾಯ ತೆರಿಗೆ ಕಾಯ್ದೆಯ 119(2)(ಬಿ) ಕಲಮಿನಡಿ ಅರ್ಜಿ ಹಾಕಬೇಕಾಯಿತು.

ಈಗ

ಧ್ವನಿ ಚಿಕಿತ್ಸೆ ತಿಂಗಳುಗಟ್ಟಲೆ ನಡೆಯಿತು. ನೀರಿನ ಲೋಟದಲ್ಲಿ ಸ್ಟ್ರಾ ಅದ್ದಿ ಸ್ವರ ಊದುವುದು, ತುಟಿ ನಡುಗಿಸಿ ಸರಳೆ ಹಾಡುವುದು, ಗಂಟಲು ಕೆರೆಯುವ ಅಭ್ಯಾಸ ಬಿಡುವುದು. ಪಿಸುಮಾತೂ ವಿಶ್ರಾಂತಿಯಲ್ಲ ಎಂಬುದು ಆಕೆಗೆ ಹೊಸ ಸುದ್ದಿ. ಗಂಟುಗಳು ಪೂರ್ತಿ ಹೋಗಿಲ್ಲ, ತುಂಬ ಕಿರಿದಾಗಿವೆ. ತಾರದ ಕೊನೆಯ ಒಂದೆರಡು ಸ್ವರ ಮರಳಲಿಲ್ಲ.

ಊರಿನ ಗುರುಗಳ ಬಳಿ ಮತ್ತೆ ಹೋದಳು. ಅವರು ಚಿತ್ರಗೀತೆಯ ಪುಸ್ತಕ ಮುಚ್ಚಿಸಿ ಶಿಶುನಾಳ ಷರೀಫರ ತತ್ವಪದ, ವಚನಗಳನ್ನು ಕೆಳಶ್ರುತಿಯಲ್ಲಿ ಹಾಡಿಸಿದರು. ಆಕೆಯ ದನಿ ಯಾರ ದನಿಯ ಹಾಗೂ ಇಲ್ಲದೆ ಕೇಳಿಸಿದ್ದು ನನಗೆ ಆಗಲೇ. ಆಕಾಶವಾಣಿಯ ಧ್ವನಿ ಪರೀಕ್ಷೆಯಲ್ಲಿ ಸುಗಮ ಸಂಗೀತಕ್ಕೆ ‘ಬಿ’ ಶ್ರೇಣಿ ಸಿಕ್ಕಿದೆ. ಟಿವಿಯಲ್ಲಿ ಲಕ್ಷಾಂತರ ಜನ ನೋಡಿದವಳಿಗೆ ಅದು ಸಣ್ಣದು ಎಂದು ನೆಂಟರು ಮಾತಾಡಿಕೊಂಡರಂತೆ. ವಾರಕ್ಕೆ ಕೆಲವು ದಿನ ಪಾಠ ಹೇಳುತ್ತಾಳೆ, ತಿಂಗಳಿಗೆ ಕೆಲವು ಕಛೇರಿ. ಒಂದು ಸಣ್ಣ ಚಿತ್ರದಲ್ಲಿ ಆಕೆಯ ದನಿಯೇ ಉಳಿದ ಹಾಡಿದೆ. ಅದು ಬಂದದ್ದೂ ಟ್ರ್ಯಾಕ್ ಹಾಡಲು ಹೋದಲ್ಲಿಂದ. ಸಾಲ ಇನ್ನೂ ತೀರಿಲ್ಲ. ಆಲ್ಬಂ ಹಾಡಿನ ಹಕ್ಕು ಆಡಿಯೋ ಸಂಸ್ಥೆಯ ಬಳಿಯೇ ಇದೆ, ಅದನ್ನು ಬಿಡಿಸುವ ದಾರಿ ನನಗೆ ಕಂಡಿಲ್ಲ.

ಈ ನಡುವೆ ಬೇರೆ ಭಾಷೆಯ ವಾಹಿನಿಯೊಂದು ಹಳೆಯ ಫೈನಲಿಸ್ಟ್‌ಗಳನ್ನು ಸೇರಿಸಿ ಹೊಸ ಸ್ಪರ್ಧೆ ಮಾಡಲು ಕರೆದಿದೆ. ನಾನು ಬೇಡವೆಂದೆ, ಗಂಟಲು ಆ ಓಟಕ್ಕೆ ಸಿದ್ಧವಿಲ್ಲ, ನೆನಪಿನ ಬಂಡವಾಳ ಎರಡನೇ ಸಲ ಮೊದಲಿನಷ್ಟು ಸಿಗುವುದೂ ಇಲ್ಲ. ಆಕೆಯ ವಾದ ಬೇರೆ: ಈ ಸಲ ಜನರಿಗೆ ಹಾಡು ನೆನಪಿರುವ ಹಾಗೆ ಹಾಡಬೇಕು. ಕರಾರಿನ ಕರಡನ್ನು ಮೊದಲೇ ತರಿಸಿ ಇಬ್ಬರೂ ಓದಿದ್ದೇವೆ. ಕಟ್ಟಿನ ಅವಧಿ ಒಂದು ವರ್ಷಕ್ಕಿಳಿಸಲು ಒಪ್ಪಿದ್ದಾರೆ, ಕನಿಷ್ಠ ಕಾರ್ಯಕ್ರಮಗಳ ಸಂಖ್ಯೆ ಬರೆಯಲು ಒಪ್ಪಿದ್ದಾರೆ, ಸ್ಥಳೀಯ ಕಾರ್ಯಕ್ರಮಗಳನ್ನು ಕರಾರಿನಿಂದ ಹೊರಗಿಟ್ಟಿದ್ದಾರೆ. ಪ್ರತಿ ಹಾಡಿನ ಶ್ರುತಿಯನ್ನು ಗಾಯಕಿಯೇ ನಿರ್ಧರಿಸುತ್ತಾಳೆ ಎಂದು ನಾವು ಸೇರಿಸಿದ ಸಾಲನ್ನು ಮಾತ್ರ ಅವರ ಸಂಗೀತ ವಿಭಾಗ ಹೊಡೆದುಹಾಕಿ ಕಳಿಸಿದೆ. ಆ ಸಾಲು ಇಲ್ಲದೆ ಸಹಿ ಮಾಡುವುದಿಲ್ಲ ಎಂದು ಆಕೆ ಅದನ್ನು ಮತ್ತೆ ಬರೆದು ವಾಪಸ್ ಕಳಿಸಿದ್ದಾಳೆ.